ಹಳೆಯ ರಾಕ್ ಅಂಡ್ ರೋಲ್ ತಟ್ಟೆಗಳು: ಸಂಗ್ರಹ ಮತ್ತು ದರ್ಜೆ ನಿರ್ಣಯ

ಕಿವಿಗೆ ಇಂಪಾದುದನ್ನು ಕೂಡಿಡಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಕಣ್ಣಿಗೆ ಚೆಲುವಾಗಿ ಕಂಡುದನ್ನು ಅವನು ಕಲ್ಲಿನಲ್ಲಿ ಕಡೆದಿಟ್ಟನು. ಬುದ್ಧಿಗೆ ಹೊಳೆದುದನ್ನು ಓಲೆಯಲ್ಲಿ ಬರೆದಿಟ್ಟನು. ಆದರೆ ಹಾಡಿದ ದನಿ ಮಾತ್ರ ಹಾಡಿದ ಗಳಿಗೆಯಲ್ಲಿಯೇ ಗಾಳಿಯಲ್ಲಿ ಲೀನವಾಗಿ ಹೋಗುತ್ತಿತ್ತು. 1877ರಲ್ಲಿ ಅಮೆರಿಕದ ಎಡಿಸನ್ನನು ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದನು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎಮಿಲ್ ಬರ್ಲಿನರನು ಚಪ್ಪಟೆ ತಟ್ಟೆಯ ಮೇಲೆ ದನಿಯ ಗೆರೆಯನ್ನು ಮೂಡಿಸುವ ಉಪಾಯವನ್ನು ಕಂಡುಕೊಂಡನು. ಅಂದಿನಿಂದ ಹಾಡು ಕೈಗೆ ಸಿಕ್ಕುವ ವಸ್ತುವಾಯಿತು. ಕೈಗೆ ಸಿಕ್ಕುವ ವಸ್ತುವನ್ನು ಕೊಳ್ಳಬಹುದು, ಮಾರಬಹುದು, ಒಡೆಯಬಹುದು. ಅದರ ವಿಷಯದಲ್ಲಿ ಸುಳ್ಳನ್ನೂ ಹೇಳಬಹುದು. ಈ ಕಡೆಯ ಮಾತಿಗೇ ನನ್ನ ಲೇಖನದಲ್ಲಿ ಹೆಚ್ಚಿನ ಸ್ಥಾನವಿದೆ.

ಅರಗಿನ ಬಣ್ಣದ ಗೊಂಬೆಗಳಿಗೆ ಹೆಸರಾದ ಚನ್ನಪಟ್ಟಣದ ಹುಡುಗನಿಗೂ ಅಮೆರಿಕದ ರಾಕ್ ಅಂಡ್ ರೋಲ್ ಸಂಗೀತಕ್ಕೂ ಎತ್ತಣಿಂದೆತ್ತ ನಂಟು ಎಂದು ವಾಚಕರು ಕೇಳಬಹುದು. ಉತ್ತರ ಸರಳವಾಗಿದೆ. ಕಾಲೇಜಿನ ಖರ್ಚಿಗೆಂದು ನಾನು ಕಳೆದ ಎರಡು ವರ್ಷಗಳಿಂದ ಪ್ರತಿ ಭಾನುವಾರವೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಮುರಿದ ಗಡಿಯಾರ, ಹಿತ್ತಾಳೆಯ ದೀಪ, ರೇಡಿಯೋಗಳ ಜೊತೆಗೆ ಗ್ರಾಮಾಫೋನ್ ತಟ್ಟೆಗಳೂ ಬರುತ್ತವೆ. ದಂಡಿನ ಹಳೆಯ ಮನೆಗಳಿಂದ ಬರುವ ಪೆಟ್ಟಿಗೆಗಳಲ್ಲಿ ಇಂಗ್ಲಿಷ್ ಹಾಡಿನ ತಟ್ಟೆಗಳೇ ಹೆಚ್ಚು. ಅವುಗಳನ್ನು ಒರೆಸಿ, ನೋಡಿ, ದರ್ಜೆ ಬರೆದು, ದೂರದ ಕೊಳ್ಳುವವರಿಗೆ ವಿವರ ಕಳುಹಿಸುವುದು ನನ್ನ ಪಾಲಿನ ಕೆಲಸ. ಹೊಟ್ಟೆಪಾಡಿಗೆ ಹಿಡಿದ ಕೆಲಸ ಕ್ರಮೇಣ ವ್ಯಾಸಂಗವಾಯಿತು. ನಾನು ಕಲಿತಷ್ಟನ್ನು ಸಹಪಾಠಿಗಳ ಮತ್ತು ಗುರುವೃಂದದ ಮುಂದೆ ಇಡುತ್ತಿದ್ದೇನೆ.

ರಾಕ್ ಅಂಡ್ ರೋಲ್ ಎಂದರೇನು?

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಎರಡು ಬಗೆಯ ಹಾಡುಗಳು ಅಕ್ಕಪಕ್ಕದಲ್ಲಿಯೇ ಬೆಳೆದು, ಒಂದನ್ನೊಂದು ಮುಟ್ಟಬಾರದೆಂಬ ಕಟ್ಟುಪಾಡಿನಲ್ಲಿ ಬದುಕುತ್ತಿದ್ದುವು. ನೀಗ್ರೋ ಜನರೆಂದು ಅಂದು ಕರೆಯಲ್ಪಡುತ್ತಿದ್ದ ಕರಿಯ ಜನಾಂಗದವರ ರಿದಮ್ ಅಂಡ್ ಬ್ಲೂಸ್ ಒಂದು. ಬಿಳಿಯ ರೈತಾಪಿ ಜನರ ಹಳ್ಳಿಯ ಹಾಡು ಇನ್ನೊಂದು. ಇವೆರಡರ ಕೂಡುವಿಕೆಯೇ ರಾಕ್ ಅಂಡ್ ರೋಲ್. 1951ರಿಂದ ಕ್ಲೀವ್‌ಲ್ಯಾಂಡ್ ನಗರದ ರೇಡಿಯೋದಲ್ಲಿ ರಾತ್ರಿಯ ಕಾರ್ಯಕ್ರಮ ನಡೆಸುತ್ತಿದ್ದ ಆಲನ್ ಫ್ರೀಡನು ಈ ಹೆಸರನ್ನು ಜನರ ನಾಲಗೆಗೆ ತಂದನು.

ಟೆನ್ನೆಸಿ ಪ್ರಾಂತದ ಮೆಂಫಿಸ್ ನಗರದಲ್ಲಿ ಸ್ಯಾಮ್ ಫಿಲಿಪ್ಸ್ ಎಂಬಾತನು ಸನ್ ಎಂಬ ಹೆಸರಿನ ಪುಟ್ಟ ಕಂಪೆನಿಯನ್ನು ನಡೆಸುತ್ತಿದ್ದನು. 1954ರ ಜುಲೈ ತಿಂಗಳಿನಲ್ಲಿ, ಹತ್ತೊಂಬತ್ತು ವರ್ಷದ ಎಲ್ವಿಸ್ ಪ್ರೀಸ್ಲಿ ಎಂಬ ಬಡ ತರುಣನ ಮೊದಲ ತಟ್ಟೆ 209ನೆಯ ಸಂಖ್ಯೆಯೊಂದಿಗೆ ಅಲ್ಲಿಂದ ಹೊರಬಂದಿತು. ಸನ್ ಮುದ್ರೆಯಲ್ಲಿ ಅವನ ತಟ್ಟೆಗಳು ಒಟ್ಟು ಐದು. 1955ರ ನವೆಂಬರಿನಲ್ಲಿ ಆರ್.ಸಿ.ಎ. ವಿಕ್ಟರ್ ಎಂಬ ದೊಡ್ಡ ಕಂಪೆನಿಯು ಅವನ ಒಪ್ಪಂದವನ್ನು 35,000 ಡಾಲರುಗಳಿಗೆ ಕೊಂಡುಕೊಂಡಿತು. ಆ ವರ್ಷವೇ ಷಿಕಾಗೋ ನಗರದ ಚೆಸ್ ಕಂಪೆನಿಯಿಂದ ಚಕ್ ಬೆರಿಯ ಮೊದಲ ತಟ್ಟೆಯೂ, ಸ್ಪೆಷಾಲ್ಟಿ ಕಂಪೆನಿಯಿಂದ ಲಿಟಲ್ ರಿಚರ್ಡನ ಪ್ರಸಿದ್ಧ ತಟ್ಟೆಯೂ ಬಂದುವು. ಬಿಲ್ ಹೇಲಿಯು 1954ರಲ್ಲಿ ಹಾಡಿದ್ದ ಗೀತೆಯೊಂದು ಚಲನಚಿತ್ರದ ಮೂಲಕ ಹಬ್ಬಿ, 1955ರಲ್ಲಿ ಇಡೀ ದೇಶದ ಮೊದಲ ಸ್ಥಾನಕ್ಕೇರಿತು.

ಇವುಗಳನ್ನೇಕೆ ಸಂಗ್ರಹಿಸಬೇಕು? ಹಾಡುಗಳು ಇಂದು ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುತ್ತವಲ್ಲ ಎಂಬ ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ನನ್ನ ಉತ್ತರವೇನೆಂದರೆ, ಮೊದಲ ಅಚ್ಚಿನ ತಟ್ಟೆಯು ಶಾಸನವಿದ್ದಂತೆ. ಒಂದು ನಿದರ್ಶನವನ್ನು ಕೊಡುತ್ತೇನೆ. ‘ಹೌಂಡ್ ಡಾಗ್’ ಎಂಬ ಹಾಡೆಂದರೆ ಲೋಕವೆಲ್ಲ ಎಲ್ವಿಸನ ಹೆಸರನ್ನು ಹೇಳುತ್ತದೆ. ಅವನ ತಟ್ಟೆ ಬಂದುದು 1956ರಲ್ಲಿ. ಆದರೆ 1953ರಲ್ಲಿಯೇ ಹ್ಯೂಸ್ಟನ್ ನಗರದ ಪೀಕಾಕ್ ಕಂಪೆನಿಯ ತಟ್ಟೆಯೊಂದು ಅದೇ ಹಾಡನ್ನು ಹೊತ್ತು ಹೊರಬಂದಿತ್ತು. ಅದನ್ನು ಹಾಡಿದವಳು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕರಿಯ ಹೆಣ್ಣುಮಗಳು. ಕೀರ್ತಿಯೂ ಹಣವೂ ಹೆಚ್ಚಾಗಿ ಯಾರ ಪಾಲಿಗೆ ಹೋದುವೆಂಬುದು ತಿಳಿದೇ ಇದೆ. ಆದರೂ ಆ ತಟ್ಟೆಯ ನಡುವಣ ಕಾಗದದ ಚೀಟಿಯಲ್ಲಿ ಅವಳ ಹೆಸರು ಇದೆ. ಅದನ್ನು ಯಾರೂ ಅಳಿಸಲಾರರು. ನಮ್ಮ ಇತಿಹಾಸದ ಅಧ್ಯಾಪಕರು ಮೂಲ ಆಕರವನ್ನು ನೋಡಿರೆಂದು ಪದೇ ಪದೇ ಹೇಳುವುದರ ಅರ್ಥ ನನಗೆ ಮನದಟ್ಟಾದುದು ಈ ತಟ್ಟೆಯ ಕಥೆಯಿಂದ.

ತಟ್ಟೆಗಳ ಜಾತಿ

ಸಂಗ್ರಹಕಾರನು ಮೊದಲು ತಿಳಿಯಬೇಕಾದುದು ತಟ್ಟೆಯು ಯಾವ ವಸ್ತುವಿನಿಂದ ಆಗಿದೆ ಎಂಬುದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು ಅರಗಿನವು. ಕಲ್ಲಿನ ಪುಡಿ ಮತ್ತು ಮಸಿಯನ್ನು ಅರಗಿನೊಡನೆ ಬೆರೆಸಿ, ಕಾಯಿಸಿ ಅಚ್ಚೊತ್ತುತ್ತಿದ್ದರು. ಈ ಅರಗು ಹೋಗುತ್ತಿದ್ದುದು ಬಹುಪಾಲು ನಮ್ಮ ದೇಶದಿಂದಲೇ. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳಲ್ಲಿ ಪುಟ್ಟ ಕೀಟವೊಂದು ಸುರಿಸುವ ಅಂಟೇ ಅರಗು. ನಮ್ಮ ತಂದೆಯವರು ತಿರುಗಣಿಯ ಮೇಲೆ ಗೊಂಬೆಗೆ ಬಣ್ಣ ಕೂಡಿಸುವುದೂ ಈ ಅರಗಿನಿಂದಲೇ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಕಾವಿಗೆ ಅದು ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ಹೀಗೆ ನಮ್ಮ ಮನೆಯ ಗೊಂಬೆಯೂ ಅಮೆರಿಕದ ಹಳೆಯ ತಟ್ಟೆಯೂ ಒಂದೇ ಹುಳುವಿನ ಋಣದಲ್ಲಿವೆ.

ಯುದ್ಧವು ಈ ವ್ಯಾಪಾರವನ್ನು ಕೆಡಿಸಿತು. 1942ರಲ್ಲಿ ಅಮೆರಿಕದ ಸರ್ಕಾರವು, ತಟ್ಟೆ ತಯಾರಿಕೆಗೆ ಬಳಸುವ ಅರಗನ್ನು ನೂರಕ್ಕೆ ಎಪ್ಪತ್ತರಷ್ಟು ಕಡಿತಗೊಳಿಸಬೇಕೆಂದು ಆಜ್ಞೆ ಮಾಡಿತು. ಸಿಪಾಯಿಗಳಿಗೆ ಕಳುಹಿಸುವ ತಟ್ಟೆಗಳನ್ನು ಒಡೆಯದ ವಿನೈಲಿನಲ್ಲಿ ಅಚ್ಚೊತ್ತತೊಡಗಿದರು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಕೊಲಂಬಿಯ ಕಂಪೆನಿಯು ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೆಯ ಒಂದು ಸುತ್ತು ತಿರುಗುವ, ಒಂದೊಂದು ಪಾರ್ಶ್ವಕ್ಕೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡುವ ದೊಡ್ಡ ತಟ್ಟೆಯನ್ನು ಹೊರತಂದಿತು. ಅದಕ್ಕೆ ಪ್ರತಿಯಾಗಿ ಆರ್.ಸಿ.ಎ. ವಿಕ್ಟರ್ ಕಂಪೆನಿಯು 1949ರಲ್ಲಿ, ನಡುವೆ ದೊಡ್ಡ ರಂಧ್ರವಿರುವ ಏಳು ಅಂಗುಲದ 45 ಸುತ್ತಿನ ತಟ್ಟೆಯನ್ನು ತಂದಿತು. ಹಗುರ, ಅಗ್ಗ, ಒಂದು ಕಡೆಗೆ ಒಂದು ಹಾಡು. ಕೈಯಲ್ಲಿ ಚಿಲ್ಲರೆ ಕಾಸುಳ್ಳ ಹರೆಯದವರಿಗೆ ಹೇಳಿ ಮಾಡಿಸಿದಂತಿತ್ತು. ರಾಕ್ ಅಂಡ್ ರೋಲ್ ಬೆಳೆದುದು ಈ ಪುಟ್ಟ ತಟ್ಟೆಯ ಬೆನ್ನೇರಿ. ಆದರೂ ಆ ದಶಕದ ಬಹುಭಾಗ ಒಂದೇ ಹಾಡನ್ನು 45ರಲ್ಲಿಯೂ 78ರಲ್ಲಿಯೂ ಅಚ್ಚುಮಾಡುತ್ತಿದ್ದರೆಂಬುದನ್ನು ಸಂಗ್ರಹಕಾರನು ಮರೆಯಬಾರದು.

ಇನ್ನೊಂದು ಎಚ್ಚರಿಕೆ. ಕೀಲಿ ಕೊಡುವ ಹಳೆಯ ಗ್ರಾಮಾಫೋನಿನ ಉಕ್ಕಿನ ಮುಳ್ಳನ್ನು ವಿನೈಲ್ ತಟ್ಟೆಯ ಮೇಲೆ ಎಂದಿಗೂ ಇಡಬಾರದು. ಅದರ ತಲೆಯ ಭಾರ ನೂರು ಗ್ರಾಮಿಗೂ ಹೆಚ್ಚು. ಇಂದಿನ ಯಂತ್ರದ ಮುಳ್ಳು ಒತ್ತುವುದು ಎರಡು ಮೂರು ಗ್ರಾಮಿನಷ್ಟು ಮಾತ್ರ. 78ರ ಗೆರೆ ಅಗಲ, ವಿನೈಲಿನ ಗೆರೆ ಕಿರಿದು. ಒಂದು ಸಲ ಹಾಡಿಸಿದರೂ ಗೆರೆ ಉತ್ತ ಹೊಲವಾಗುತ್ತದೆ.

ದರ್ಜೆಗಳು

ಒಂದೇ ಹಾಡಿನ, ಒಂದೇ ವರ್ಷದ, ಒಂದೇ ಅಚ್ಚಿನ ಎರಡು ತಟ್ಟೆಗಳಲ್ಲಿ ಒಂದರ ಬೆಲೆ ನೂರಾದರೆ ಇನ್ನೊಂದರದು ಐದೂ ಇಲ್ಲದಿರಬಹುದು. ಈ ವ್ಯತ್ಯಾಸ ದರ್ಜೆಯಿಂದ ಬರುವುದು. 1974ರಲ್ಲಿ ಆರಂಭವಾದ ಗೋಲ್ಡ್‌ಮೈನ್ ಎಂಬ ಅಮೆರಿಕದ ಪತ್ರಿಕೆಯ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಮಾನದಂಡವನ್ನೇ ಇಂದು ಅನೇಕ ದೇಶಗಳವರು ಅನುಸರಿಸುತ್ತಾರೆ. ಅದರ ಮೆಟ್ಟಿಲುಗಳು ಹೀಗಿವೆ.

ಮಿಂಟ್: ಟಂಕಸಾಲೆಯಿಂದ ಆಗತಾನೆ ಬಂದ ನಾಣ್ಯದಂತೆ ಯಾವ ಕುಂದೂ ಇಲ್ಲದುದು. ಪ್ರಾಮಾಣಿಕರು ಈ ಮಾತನ್ನು ಬಹಳ ಅಪರೂಪವಾಗಿ ಬಳಸುತ್ತಾರೆ.

ನಿಯರ್ ಮಿಂಟ್: ಹೊಸದೆಂದೇ ಹೇಳಬಹುದಾದುದು. ಬೆಲೆಯ ಲೆಕ್ಕವೆಲ್ಲ ಇಲ್ಲಿಂದ ಆರಂಭ. ಇದರ ಬೆಲೆ ನೂರೆಂದು ಇಟ್ಟುಕೊಳ್ಳೋಣ.

ವೆರಿ ಗುಡ್ ಪ್ಲಸ್: ಜೋಪಾನವಾಗಿ ಬಳಸಿದುದು. ಬೆಳಕಿಗೆ ಹಿಡಿದರೆ ಸಣ್ಣ ಉಜ್ಜುಗೆರೆಗಳು ಕಾಣುತ್ತವೆ, ಕಿವಿಗೆ ತೊಡಕಿಲ್ಲ. ಬೆಲೆ ಐವತ್ತು.

ವೆರಿ ಗುಡ್: ಉಗುರಿಗೆ ತಗುಲುವ ಗೀರುಗಳಿವೆ, ಹಾಡಿನ ಮೆಲುದನಿಯ ಕಡೆಗಳಲ್ಲಿ ಚಿಟಪಟ ಸದ್ದು ಕೇಳುತ್ತದೆ. ಬೆಲೆ ಇಪ್ಪತ್ತೈದು.

ಗುಡ್ ಪ್ಲಸ್ ಮತ್ತು ಗುಡ್: ಮುಳ್ಳು ಹಾರದೆ ಕೊನೆಯವರೆಗೆ ಹಾಡುತ್ತದೆ, ಅಷ್ಟೆ. ಗೆರೆ ಸವೆದು ಹಾಡಿನ ಮೇಲೆ ಗದ್ದಲ ಕೂತಿರುತ್ತದೆ. ಬೆಲೆ ಹತ್ತರಿಂದ ಹದಿನೈದು.

ಫೇರ್ ಮತ್ತು ಪೂರ್: ಬಿರುಕುಬಿಟ್ಟುದು, ಸೊಟ್ಟಗಾದುದು, ಮುಳ್ಳು ಹಾರುವುದು. ಬೆಲೆ ಸೊನ್ನೆಯಿಂದ ಐದು.

ಇಲ್ಲಿ ವಿನೋದವೊಂದಿದೆ. ‘ಗುಡ್’ ಎಂದರೆ ಒಳ್ಳೆಯದೆಂಬುದು ಶಾಲೆಯಲ್ಲಿ ನಾವು ಕಲಿತ ಅರ್ಥ. ತಟ್ಟೆಯ ಪೇಟೆಯಲ್ಲಿ ಅದರ ಅರ್ಥ ಕೆಟ್ಟದ್ದೆಂದೇ. ಮಾರುವವರೆಲ್ಲರೂ ತಮ್ಮ ವಸ್ತುವನ್ನು ಹೊಗಳಿ ಹೊಗಳಿ ಪಾಪ ಆ ಪದವು ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕಿಳಿದು ಬಂದಿರಬೇಕು. ಎಲ್ಲರಿಗೂ ಮೊದಲ ದರ್ಜೆ ಕೊಟ್ಟರೆ ಮೊದಲ ದರ್ಜೆಯ ಗತಿ ಏನಾಗುವುದೆಂಬುದನ್ನು ಉತ್ತರ ಪತ್ರಿಕೆಗಳನ್ನು ತಿದ್ದುವ ಗುರುಗಳಿಗೆ ನಾನು ಹೇಳಬೇಕಾದುದಿಲ್ಲ.

ಪರೀಕ್ಷಿಸುವ ಬಗೆ

ಮೊದಲನೆಯದಾಗಿ, ತಟ್ಟೆಯನ್ನು ಅಂಚು ಮತ್ತು ನಡುವಣ ಚೀಟಿ ಮಾತ್ರ ತಾಗುವಂತೆ ಹಿಡಿಯಬೇಕು. ಬೆರಳಿನ ಜಿಡ್ಡು ಗೆರೆಗೆ ಶತ್ರು. ಎರಡನೆಯದಾಗಿ, ಪ್ರಖರವಾದ ಒಂದೇ ದೀಪದ ಕೆಳಗೆ ತಟ್ಟೆಯನ್ನು ಮೆಲ್ಲನೆ ಓರೆ ಮಾಡುತ್ತ ತಿರುಗಿಸಬೇಕು. ನೇರ ಬೆಳಕಿನಲ್ಲಿ ಅಡಗುವ ಗೀರು ಓರೆ ಬೆಳಕಿನಲ್ಲಿ ಹೊರಬೀಳುತ್ತದೆ. ಗೆರೆಗಳು ಕಪ್ಪಾಗಿ ಮಿನುಗದೆ ಬೂದಿ ಬಣ್ಣಕ್ಕೆ ತಿರುಗಿದ್ದರೆ ಭಾರವಾದ ಮುಳ್ಳು ಅವನ್ನು ತಿಂದಿದೆಯೆಂದು ತಿಳಿಯಬೇಕು. ಮೂರನೆಯದಾಗಿ, ನಡುವಣ ರಂಧ್ರದ ಸುತ್ತ ನೋಡಬೇಕು. ಕಡ್ಡಿಗೆ ಏರಿಸುವಾಗ ತಡಕಾಡಿದ ಗುರುತುಗಳು ಅಲ್ಲಿ ಬಹಳವಿದ್ದರೆ ತಟ್ಟೆ ಬಹಳ ಸಲ ಹಾಡಿದೆ. ನಾಲ್ಕನೆಯದಾಗಿ, ಯಂತ್ರದ ಮೇಲಿಟ್ಟು ಕಣ್ಣನ್ನು ಅದರ ಮಟ್ಟಕ್ಕೆ ತಂದು, ತಟ್ಟೆ ಅಲೆಯಂತೆ ಏಳುತ್ತದೆಯೇ ಎಂದು ಪರೀಕ್ಷಿಸಬೇಕು. ಕಡೆಯದಾಗಿ ಹಾಡಿಸಿ ಕೇಳಬೇಕು. ಕಣ್ಣಿಗೆ ಚೆಲುವಾದ ತಟ್ಟೆ ಕಿವಿಗೆ ಮೋಸ ಮಾಡುವುದುಂಟು. ತಟ್ಟೆಯ ಹೊದಿಕೆಗೆ ಬೇರೆಯೇ ದರ್ಜೆ ಕೊಡಬೇಕು.

ಅಸಲಿ ನಕಲಿಗಳ ವಿಚಾರವೂ ಇದೆ. ಹಾಡು ಮುಗಿದ ಮೇಲೆ ಚೀಟಿಯವರೆಗೆ ಉಳಿಯುವ ಬರಿಯ ಜಾಗದಲ್ಲಿ ಅಚ್ಚಿನ ಸಂಖ್ಯೆ ಇರುತ್ತದೆ. ಇದನ್ನು ಓದದೆ ಮೊದಲ ಅಚ್ಚೆಂದು ಹೇಳಬಾರದು. ಎಲ್ವಿಸನ ಸನ್ ತಟ್ಟೆಗಳಿಗೆ ನಕಲುಗಳು ಹೇರಳ. ಬಣ್ಣದ ವಿನೈಲಿನಲ್ಲಿರುವ ಎಲ್ವಿಸನ ಸನ್ ತಟ್ಟೆ ಎಷ್ಟೇ ಅಂದವಾಗಿದ್ದರೂ ನಕಲೇ ಸರಿ. ಅವನ ಸನ್ ತಟ್ಟೆಗಳನ್ನು ಆ ಕಾಲದಲ್ಲಿ ಬಣ್ಣದಲ್ಲಿ ಅಚ್ಚುಮಾಡಿರಲಿಲ್ಲ.

ನನ್ನ ತಪ್ಪು

ಇಷ್ಟೆಲ್ಲ ಕಲಿತೆನೆಂಬ ಗರ್ವದಲ್ಲಿದ್ದಾಗ ನನ್ನಿಂದ ಒಂದು ಪ್ರಮಾದ ನಡೆಯಿತು. ಅದನ್ನು ಮರೆಮಾಡಿದರೆ ಈ ಲೇಖನವೇ ಸುಳ್ಳಾಗುತ್ತದೆ.

ಇಂಗ್ಲೆಂಡಿನ ಬೀಟಲ್ಸ್ ತಂಡದವರು ಚಕ್ ಬೆರಿ, ಲಿಟಲ್ ರಿಚರ್ಡ್ ಮೊದಲಾದವರ ತಟ್ಟೆಗಳನ್ನು ಕೇಳಿ ಬೆಳೆದ ತರುಣರು. 1960ರ ದಶಕದಲ್ಲಿ ಅವರು ಪ್ರಸಿದ್ಧಿಗೆ ಬರುವ ಹೊತ್ತಿಗೆ ಅವರ ದೇಶದಲ್ಲಿ 78ರ ಕಾಲ ಮುಗಿದುಹೋಗಿತ್ತು. ಆದರೆ ನಮ್ಮ ದೇಶದಲ್ಲಿ ಕೀಲಿ ಕೊಡುವ ಗ್ರಾಮಾಫೋನುಗಳು ಇನ್ನೂ ಮನೆಮನೆಯಲ್ಲಿದ್ದುದರಿಂದ ಅವರ ಹಾಡುಗಳನ್ನು ಇಲ್ಲಿ ಪಾರ್ಲೊಫೋನ್ ಮುದ್ರೆಯಡಿ 78ರ ಅರಗಿನ ತಟ್ಟೆಯಲ್ಲಿಯೂ ಅಚ್ಚುಮಾಡಿದರು. ಆದಕಾರಣ ಭಾರತದ ಈ ತಟ್ಟೆಗಳೆಂದರೆ ಹೊರದೇಶದ ಸಂಗ್ರಹಕಾರರಿಗೆ ಪ್ರಾಣ.

ನಾನು ಎರಡನೆಯ ಬಿ.ಎ.ಯಲ್ಲಿದ್ದಾಗ ಒಂದು ಭಾನುವಾರ ವೃದ್ಧ ಮಹಿಳೆಯೊಬ್ಬರು ತಮ್ಮ ತೀರಿಹೋದ ಅಣ್ಣನ ಪೆಟ್ಟಿಗೆಯನ್ನು ಅಂಗಡಿಗೆ ತಂದರು. ನಲವತ್ತು ವಿನೈಲ್ ತಟ್ಟೆಗಳ ನಡುವೆ ಇಂತಹ 78 ಒಂದಿತ್ತು. ವಿನೈಲ್ ತಟ್ಟೆಗಳಿಗೆ ನಾನು ನೀರಿನಲ್ಲಿ ಕೊಂಚ ಸ್ಪಿರಿಟ್ ಬೆರೆಸಿ ಒರೆಸುವುದು ವಾಡಿಕೆ. ಅದೇ ಕೈಯಲ್ಲಿ ಈ ತಟ್ಟೆಯನ್ನೂ ತೆಗೆದುಕೊಂಡೆ. ಬೂಷ್ಟು ಬಿಡಲಿಲ್ಲವೆಂದು ಬಟ್ಟೆಗೆ ಬರಿಯ ಸ್ಪಿರಿಟನ್ನೇ ಸುರಿದು ತಿಕ್ಕಿದೆ. ಬಟ್ಟೆ ಕಪ್ಪಾಯಿತು. ಕೊಳೆಯೆಂದುಕೊಂಡೆ. ಅದು ಕೊಳೆಯಲ್ಲ, ತಟ್ಟೆ! ನೋಡುತ್ತಿದ್ದಂತೆಯೇ ಒಂದು ಪಾರ್ಶ್ವದ ಹೊಳಪು ಹೋಗಿ ಮೈ ಮಂಕಾಯಿತು. ಹಾಡಿಸಿದರೆ ದನಿಗಿಂತ ಕೊರಕೊರ ಸದ್ದೇ ಮುಂದು.

ಅಂಗಡಿಯ ಸಾಹೇಬರು ಆ ಹೊತ್ತಿನಲ್ಲಿ ಹೊರಗಿದ್ದರು. ಬಂದವರು ಫೋಟೋ ನೋಡಿ, “ಏನಪ್ಪ, ದರ್ಜೆ ಬರೆದೆಯಾ?” ಎಂದರು. ಫೋಟೋದಲ್ಲಿ ಮಂಕು ಕಾಣುತ್ತಿರಲಿಲ್ಲ. “ವೆರಿ ಗುಡ್ ಸಾಹೇಬ್ರೇ” ಎಂದುಬಿಟ್ಟೆ. ಇಂಗ್ಲೆಂಡಿನ ಗಿರಾಕಿಯೊಬ್ಬರಿಗೆ ಮಾರನೆಯ ದಿನ ಬೆಳಿಗ್ಗೆ ವಿವರ ಕಳುಹಿಸುವುದೆಂದು ನಿಶ್ಚಯವಾಯಿತು.

ರಾತ್ರಿ ಮನೆಯಲ್ಲಿ ಊಟ ಸೇರಲಿಲ್ಲ. ತಂದೆಯವರು ಕಾರಣ ಕೇಳಿದರು, ಹೇಳಿದೆ. ಅವರು ನಾಲ್ಕನೆಯ ತರಗತಿಯಲ್ಲಿ ಶಾಲೆ ಬಿಟ್ಟವರು. “ಅರಗಿಗೆ ಸ್ಪಿರಿಟ್ ತಾಕಿಸ್ತಾರೇನ್ಲಾ? ಕರಗೋಗಕಿಲ್ವಾ? ಹುಟ್ಟಿದಾಗಿಂದ ನೋಡ್ತಿದೀಯ,” ಎಂದರು. ನನಗೆ ನಾಚಿಕೆಯಾಯಿತು. ಎರಡೂ ಒಂದೇ ಅರಗೆಂದು ಪುಸ್ತಕದಲ್ಲಿ ಓದಿ ತಿಳಿದಿದ್ದ ನಾನು ಕೈಕೆಲಸದ ಹೊತ್ತಿಗೆ ಮರೆತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: “ಬಿರುಕು ಬಿಟ್ಟ ಗೊಂಬೆ ಮ್ಯಾಲೂ ಅರಗು ಕೂಡಿಸಿ ಮಾರಬೋದು ಕಣಪ್ಪ. ಅಂಗಡೀಲಿ ಗೊತ್ತಾಗಕಿಲ್ಲ. ಮಗಿನ ಕೈಗೆ ಹೋದ್ಮೇಲೆ ಗೊತ್ತಾಯ್ತದೆ.”

ಬೆಳಿಗ್ಗೆ ಸಾಹೇಬರಿಗೆ ಫೋನ್ ಮಾಡಿ ನಡೆದುದನ್ನು ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, “ಇದ್ದದ್ದು ಇದ್ದ ಹಾಗೆ ಬರಿ” ಎಂದರು. ನಾನು ಬರೆದೆ: ಒಂದು ಪಾರ್ಶ್ವ ವೆರಿ ಗುಡ್, ಇನ್ನೊಂದು ಪಾರ್ಶ್ವ ಗುಡ್‌ಗಿಂತ ಮೇಲಲ್ಲ, ಸ್ಪಿರಿಟ್ ತಗುಲಿ ಕೆಟ್ಟಿದೆ, ಕೆಡಿಸಿದವರು ನಾವೇ. ಗಿರಾಕಿಯು ತಟ್ಟೆಯನ್ನು ಬಹಳ ಕಡಿಮೆ ಬೆಲೆಗೆ ತೆಗೆದುಕೊಂಡರು. ನಾಲ್ಕು ಭಾನುವಾರ ಸಂಬಳವಿಲ್ಲದೆ ಕೆಲಸ ಮಾಡುತ್ತೇನೆಂದೆ. ಸಾಹೇಬರು ಎರಡನ್ನು ಹಿಡಿದುಕೊಂಡರು. ಸತ್ಯ ಹೇಳಿದ್ದಕ್ಕೆ ಆ ಗಿರಾಕಿ ಮತ್ತೆ ಮತ್ತೆ ನಮ್ಮಲ್ಲಿಯೇ ಕೊಂಡರೇ ಎಂದು ಕೇಳಬೇಡಿ. ಕೊಳ್ಳಲಿಲ್ಲ. ಕೆಟ್ಟ ಪಾರ್ಶ್ವವೂ ಮೊದಲಿನಂತಾಗಲಿಲ್ಲ.

ಉಪಸಂಹಾರ

ದರ್ಜೆಯೆಂಬುದು ತಟ್ಟೆಯನ್ನು ಕಾಣಲಾರದ ಒಬ್ಬನಿಗೆ ಕಂಡ ಇನ್ನೊಬ್ಬನು ಕೊಡುವ ಮಾತು. ಸಾವಿರಾರು ಮೈಲಿ ದೂರದಲ್ಲಿರುವವನು ನಮ್ಮ ಎರಡು ಪದಗಳನ್ನು ನಂಬಿ ಹಣ ಕಳುಹಿಸುತ್ತಾನೆ. ಆ ಪದಗಳು ಸಡಿಲಾದರೆ ಹಾಳಾಗುವುದು ಒಂದು ವ್ಯಾಪಾರವಷ್ಟೇ ಅಲ್ಲ. ಪದಗಳೇ ಹಾಳಾಗುತ್ತವೆ, ‘ಗುಡ್’ ಹಾಳಾದಂತೆ. ಥಾರ್ನ್‌ಟನ್ನಳ ಹೆಸರನ್ನು ಆ ಚೀಟಿ ಇಷ್ಟು ವರ್ಷ ಕಾಪಾಡಿದುದು ಯಾರೋ ಅದನ್ನು ಇದ್ದಂತೆಯೇ ಇಟ್ಟುದರಿಂದ. ಸಂಗ್ರಹಕಾರನ ಧರ್ಮವೂ ಅದೇ: ಇದ್ದುದನ್ನು ಇದ್ದಂತೆ ಇಡುವುದು, ಇದ್ದಂತೆ ಹೇಳುವುದು.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇನ್ನು ಕೆಲವೇ ತಿಂಗಳಲ್ಲಿ ನನಗೂ ವಿಶ್ವವಿದ್ಯಾನಿಲಯವು ಒಂದು ದರ್ಜೆಯನ್ನು ಬರೆದುಕೊಡುತ್ತದೆ. ಅದು ಯಾವುದಾದರೂ ಆಗಲಿ, ಓರೆ ಬೆಳಕಿನಲ್ಲಿ ತಿರುಗಿಸಿ ನೋಡಿದವರಿಗೂ ನಿಜವಾಗಿರಲೆಂದು ಹಾರೈಸುತ್ತೇನೆ. ವಾಚಕ ಮಹಾಶಯರ ಮನೆಯ ಅಟ್ಟದ ಮೇಲೆ ಹಳೆಯ ತಟ್ಟೆಗಳಿದ್ದರೆ ದಯಮಾಡಿ ಒಂದರ ಮೇಲೊಂದು ಪೇರಿಸಬೇಡಿ. ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಕಡೆ ಇಡಿ. 78 ಆಗಿದ್ದರೆ ಒಣ ಮೆದು ಬಟ್ಟೆಯಿಂದ ಮಾತ್ರ ಒರೆಸಿ. ಸ್ಪಿರಿಟಿನ ಸೀಸೆಯನ್ನು ದೂರವಿಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ